ಓದುಗನೇ ಸರಕಾದಾಗ

2004ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಿಂದ ತರುಣರಿಗೆಂದೇ ಮೀಸಲಾದ ಒಂದು ಹೊಸ ಪತ್ರಿಕೆ ಹೊರಟಿತು. ಅದರ ಹೆಸರು ‘ಕಾರ್ಗೋ’. ಹಡಗಿನಲ್ಲಿಯೋ ವಿಮಾನದಲ್ಲಿಯೋ ಹೇರಿ ಸಾಗಿಸುವ ಸರಕು ಎಂಬುದು ಆ ಪದದ ಅರ್ಥ. ‘ವೋಗ್’, ‘ದಿ ನ್ಯೂಯಾರ್ಕರ್’ ಮೊದಲಾದ ಹೆಸರಾಂತ ಪತ್ರಿಕೆಗಳ ಒಡೆತನವುಳ್ಳ ಕಾಂಡೆ ನ್ಯಾಸ್ಟ್ ಸಂಸ್ಥೆ ಅದರ ಪ್ರಕಾಶಕರು. ಏರಿಯಲ್ ಫಾಕ್ಸ್‌ಮನ್ ಸಂಪಾದಕರು. ಬಹಳ ನಿರೀಕ್ಷೆಯೊಡನೆ ಹುಟ್ಟಿದ ಆ ಪತ್ರಿಕೆ ಎರಡು ವರ್ಷಗಳ ಆಯುಷ್ಯವನ್ನಷ್ಟೇ ಪಡೆದಿತ್ತು. 2006ರ ಮೇ ತಿಂಗಳ ಸಂಚಿಕೆಯೊಂದಿಗೆ ಅದು ನಿಂತುಹೋಯಿತು.

ಪರದೇಶದಲ್ಲಿ ಹುಟ್ಟಿ ಪರದೇಶದಲ್ಲಿಯೇ ಅಳಿದ ಪತ್ರಿಕೆಯೊಂದರ ವಿಚಾರವನ್ನು ಇಷ್ಟು ಕಾಲದ ಮೇಲೆ ಎತ್ತುವ ಅಗತ್ಯವೇನು ಎಂದು ಯಾರಾದರೂ ಕೇಳಬಹುದು. ಅಗತ್ಯವಿದೆ. ಆ ಪತ್ರಿಕೆ ಸತ್ತಿತೇ ಹೊರತು ಅದು ಹಿಡಿದ ದಾರಿ ಸಾಯಲಿಲ್ಲ. ಅದು ಎರಡು ವರ್ಷ ಕಾಗದದ ಮೇಲೆ ಮಾಡಿ ನೋಡಿದ ಪ್ರಯೋಗವು ಇಂದು ಪ್ರತಿಯೊಬ್ಬ ತರುಣನ ಅಂಗೈಯಲ್ಲಿ ಹಗಲಿರುಳೂ ನಡೆಯುತ್ತಿದೆ. ಧರ್ಮನಿಷ್ಠರೆನಿಸಿದ ತಂದೆತಾಯಿಗಳು ಅದನ್ನು ಕಣ್ಣಾರೆ ಕಂಡೂ ದೋಷವೆಂದು ಗುರುತಿಸುತ್ತಿಲ್ಲ ಎಂಬುದೇ ಇಲ್ಲಿನ ಆಕ್ಷೇಪ.

‘ಕಾರ್ಗೋ’ವಿನ ಪುಟಗಳಲ್ಲಿ ಇದ್ದುದಾದರೂ ಏನು? ಅಂಗಿ, ಪಾದರಕ್ಷೆ, ಕೈಗಡಿಯಾರ, ಕ್ಷೌರದ ಸಾಧನ, ಸುಗಂಧದ್ರವ್ಯ, ಮುಖಕ್ಕೆ ಲೇಪಿಸುವ ಮುಲಾಮು, ದೂರವಾಣಿ, ಕ್ಯಾಮರಾ, ಮೋಟಾರು ವಾಹನ. ಪ್ರತಿಯೊಂದು ವಸ್ತುವಿನ ಅಂದವಾದ ಚಿತ್ರ, ಅದರ ಬೆಲೆ, ಅದು ದೊರೆಯುವ ಸ್ಥಳ. ಕಥೆಗೆ, ಕವಿತೆಗೆ, ನಾಡಿನ ಆಗುಹೋಗುಗಳ ಚರ್ಚೆಗೆ ಆ ಪತ್ರಿಕೆಯ ಉದ್ದೇಶದಲ್ಲಿಯೇ ಸ್ಥಾನವಿರಲಿಲ್ಲ. ಖರೀದಿಯೇ ಅದರ ವಿಷಯ. ಇದೇ ಸಂಸ್ಥೆ 2000ದ ಡಿಸೆಂಬರಿನಲ್ಲಿ ಸ್ತ್ರೀಯರಿಗಾಗಿ ‘ಲಕ್ಕಿ’ ಎಂಬ ಖರೀದಿಯ ಪತ್ರಿಕೆಯನ್ನು ಹೊರಡಿಸಿ ಲಾಭ ಕಂಡಿತ್ತು. ಆ ಅಚ್ಚನ್ನೇ ತರುಣರ ಅಳತೆಗೆ ತಿದ್ದಿ ‘ಕಾರ್ಗೋ’ವನ್ನು ರೂಪಿಸಿತು. 2005ರಲ್ಲಿ ಮನೆಯ ಅಲಂಕಾರದ ಸಾಮಗ್ರಿಗಳಿಗೆಂದು ‘ಡಾಮಿನೋ’ ಎಂಬ ಮೂರನೆಯ ಪತ್ರಿಕೆಯೂ ಬಂದಿತು. ಹೆಂಡತಿಗೊಂದು, ಗಂಡನಿಗೊಂದು, ಅವರಿಬ್ಬರ ಮನೆಗೊಂದು!

ಇಂತಹ ಪತ್ರಿಕೆಯೊಂದು ಒಬ್ಬ ಶ್ರಾವಕನ ಮನೆಯ ಮೇಜಿನ ಮೇಲೆ ಬಿದ್ದಿದ್ದರೆ ಹಿರಿಯರು ಏನು ಮಾಡುತ್ತಿದ್ದರು? ಕೈಗೆತ್ತಿಕೊಂಡು ನಾಲ್ಕು ಪುಟ ಮಗುಚುತ್ತಿದ್ದರು. ಸ್ತ್ರೀಯರ ಅಸಭ್ಯ ಚಿತ್ರಗಳು ಇಲ್ಲವೆಂಬುದನ್ನು ಕಂಡು ಸಮಾಧಾನದಿಂದ ಕೆಳಗಿಡುತ್ತಿದ್ದರು. “ಅಂಗಿ ಪಾದರಕ್ಷೆಗಳ ಪುಸ್ತಕ, ಇದರಲ್ಲೇನಿದೆ?” ಎನ್ನುತ್ತಿದ್ದರು. ಈ ಸಮಾಧಾನವೇ ಅಪಾಯಕಾರಿಯಾದುದು. ಅಶ್ಲೀಲವೆಂದರೆ ಬತ್ತಲೆಯ ದೇಹ ಮಾತ್ರ ಎಂದು ನಂಬಿದ ಕಣ್ಣಿಗೆ ಬೇರೆ ಯಾವ ವಿಕಾರವೂ ಗೋಚರಿಸುವುದಿಲ್ಲ.

ಈ ಕುರುಡುತನ ಒಂದು ಸಮಾಜದ್ದಷ್ಟೇ ಅಲ್ಲ. ‘ಕಾರ್ಗೋ’ ಹುಟ್ಟಿದ ಅದೇ 2004ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ತರುಣರಿಗಾಗಿ ‘ನಟ್ಸ್’ ಎಂಬ ವಾರಪತ್ರಿಕೆ ಹೊರಟಿತು. ಅರೆಬತ್ತಲೆಯ ಚಿತ್ರಗಳೇ ಅದರ ಬಂಡವಾಳ. ಅಲ್ಲಿನ ಸ್ತ್ರೀಸಂಘಟನೆಗಳು ಅದರ ವಿರುದ್ಧ ದನಿಯೆತ್ತಿದವು. 2013ರಲ್ಲಿ ಕೋ-ಆಪರೇಟಿವ್ ಎಂಬ ದೊಡ್ಡ ಅಂಗಡಿಗಳ ಸಮೂಹವು ಇಂತಹ ಪತ್ರಿಕೆಗಳು ಮುಖಪುಟವನ್ನು ಮರೆಸುವ ಮುಚ್ಚಿದ ಹೊದಿಕೆಯಲ್ಲಿ ಬರಬೇಕು, ಇಲ್ಲವಾದರೆ ಮಾರಾಟಕ್ಕಿಡುವುದಿಲ್ಲ ಎಂದು ಕಟ್ಟುನಿಟ್ಟು ಮಾಡಿತು. ‘ನಟ್ಸ್’ ಒಪ್ಪಲಿಲ್ಲ, ಆ ಅಂಗಡಿಗಳಿಂದ ಹೊರಬಿದ್ದಿತು, 2014ರ ಏಪ್ರಿಲಿನಲ್ಲಿ ಮುಚ್ಚಿಯೂ ಹೋಯಿತು. ಅಂಗಡಿಯವನೊಬ್ಬ ಲಾಭವನ್ನು ಬದಿಗಿಟ್ಟು “ಇದನ್ನು ಹೀಗೆ ಮಾರಲಾರೆ” ಎಂದುದು ಮೆಚ್ಚತಕ್ಕ ಸಂಗತಿಯೇ ಸರಿ. ಆದರೆ ‘ಕಾರ್ಗೋ’ವಿಗೆ ಹೊದಿಕೆ ಹಾಕಬೇಕೆಂದು ಅಮೆರಿಕದಲ್ಲಿ ಯಾವ ಚಳವಳಿಯೂ ಏಳಲಿಲ್ಲ. ದೇಹವನ್ನು ತೋರಿಸಿ ಕೆರಳಿಸುವ ಬಯಕೆಯನ್ನು ಜನ ಬಯಕೆಯೆಂದು ಗುರುತಿಸಿದರು. ವಸ್ತುವನ್ನು ತೋರಿಸಿ ಕೆರಳಿಸುವ ಬಯಕೆಯನ್ನು ಅಭಿರುಚಿಯೆಂದು ಕರೆದರು.

ಪ್ರಾಚೀನ ಆಚಾರ್ಯರ ದೃಷ್ಟಿ ಇಷ್ಟು ಸಂಕುಚಿತವಾಗಿರಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಭೇದಗಳನ್ನು ಹೇಳುವಾಗ ದುಃಶ್ರುತಿಯೆಂಬ ಒಂದು ಭೇದವನ್ನು ಎಣಿಸಲಾಗಿದೆ. ಚಿತ್ತವನ್ನು ಕಲುಷಗೊಳಿಸುವ ಗ್ರಂಥಗಳ ಶ್ರವಣವೇ ದುಃಶ್ರುತಿ. ಯಾವ ಯಾವ ಕಾರಣಗಳಿಂದ ಚಿತ್ತ ಕಲುಷಗೊಳ್ಳುತ್ತದೆಂಬುದನ್ನೂ ಆಚಾರ್ಯರು ಸಾಲಾಗಿ ಹೆಸರಿಸಿದ್ದಾರೆ. ಆ ಸಾಲಿನಲ್ಲಿ ಕಾಮವಿಕಾರ ಇದೆ, ಆದರೆ ಅದು ಬರುವುದು ಕಟ್ಟಕಡೆಗೆ. ಮೊದಲಿಗೆ ನಿಂತಿರುವುದು ಆರಂಭ, ಅದರ ಬೆನ್ನಿಗೇ ಸಂಗ, ಅಂದರೆ ಪರಿಗ್ರಹ. ಮನೆಯಲ್ಲಿ ಓದಿಗೆ ಬರುವ ಪುಸ್ತಕವನ್ನು ಪರೀಕ್ಷಿಸುವ ಹಿರಿಯರು ಕೊನೆಯ ದೋಷವೊಂದನ್ನು ಮಾತ್ರ ಹುಡುಕಿ, ಮೊದಲೆರಡು ದೋಷಗಳನ್ನು ಬಾಗಿಲು ತೆರೆದು ಬರಮಾಡಿಕೊಂಡರೆ ಅದನ್ನು ಶಾಸ್ತ್ರನಿಷ್ಠೆಯೆನ್ನಲಾಗದು.

ಅದೇ ಗ್ರಂಥದ ಇನ್ನೊಂದು ಭಾಗ ಇನ್ನಷ್ಟು ಬೋಧಪ್ರದವಾಗಿದೆ. ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ಆಚಾರ್ಯರು ಗೃಹಸ್ಥನು ಮಿತಿಗೊಳಿಸಿಕೊಳ್ಳಬೇಕಾದ ವಸ್ತುಗಳನ್ನು ಎಣಿಸುತ್ತಾರೆ: ಆಹಾರ, ವಾಹನ, ಹಾಸಿಗೆ, ಸ್ನಾನ, ಅಂಗಲೇಪನ, ಹೂವು, ತಾಂಬೂಲ, ವಸ್ತ್ರ, ಆಭರಣ, ಸಂಗೀತ ಮುಂತಾದವು. ಇವುಗಳನ್ನು ಒಂದು ದಿನಕ್ಕೋ ಒಂದು ಪಕ್ಷಕ್ಕೋ ಒಂದು ಋತುವಿಗೋ ತ್ಯಜಿಸಿದರೆ ಅದು ನಿಯಮ. ಜೀವನಪರ್ಯಂತ ತ್ಯಜಿಸಿದರೆ ಅದು ಯಮ. ‘ಕಾರ್ಗೋ’ವಿನ ಸರಕುಗಳ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ವಾಹನ, ಸ್ನಾನದ ಸಾಮಗ್ರಿ, ಅಂಗಲೇಪನ, ವಸ್ತ್ರ, ಆಭರಣ, ಸಂಗೀತದ ಯಂತ್ರ! ಹದಿನಾಲ್ಕು ಹದಿನೈದು ಶತಮಾನಗಳ ಅಂತರವಿದ್ದರೂ ಪಟ್ಟಿ ಹೆಚ್ಚುಕಡಿಮೆ ಒಂದೇ. ಮನುಷ್ಯನ ಬಯಕೆ ಅಷ್ಟೇನೂ ಬದಲಾಗಿಲ್ಲ. ಬದಲಾದುದು ಪಟ್ಟಿಯ ಮುಂದಿನ ಪ್ರಶ್ನೆ. ಒಂದು ಪಟ್ಟಿ “ಇದಿಲ್ಲದೆ ಎಷ್ಟು ದಿನ ಇರಬಲ್ಲೆ?” ಎಂದು ಕೇಳುತ್ತದೆ, ಇನ್ನೊಂದು “ಇದು ಇನ್ನೂ ನಿನ್ನಲ್ಲಿ ಇಲ್ಲವೇ?” ಎಂದು ಕೇಳುತ್ತದೆ.

ಪುರುಷರ ಪತ್ರಿಕೆಗೂ ವ್ಯಾಪಾರಕ್ಕೂ ಇರುವ ನಂಟು ಹೊಸದಲ್ಲವೆಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಅಮೆರಿಕದಲ್ಲಿ 1931ರಲ್ಲಿ ‘ಅಪಾರೆಲ್ ಆರ್ಟ್ಸ್’ ಎಂಬ ಪತ್ರಿಕೆ ಬಟ್ಟೆಯ ವರ್ತಕರಿಗಾಗಿಯೇ ಆರಂಭವಾಯಿತು. ಅದರ ಅನುಭವದಿಂದ 1933ರಲ್ಲಿ ‘ಎಸ್ಕ್ವೈರ್’ ಹುಟ್ಟಿತು. ಅದರ ಮೊದಲ ಸಂಚಿಕೆಯ ಬಹುಪಾಲು ಪ್ರತಿಗಳನ್ನು ಬಟ್ಟೆಯಂಗಡಿಗಳ ಮೂಲಕ ಮಾರಲೆಂದೇ ಉದ್ದೇಶಿಸಲಾಗಿತ್ತು. ಆದರೆ ಆ ಮೊದಲ ಸಂಚಿಕೆಯಲ್ಲಿಯೇ ಅರ್ನೆಸ್ಟ್ ಹೆಮಿಂಗ್ವೇ ಬರೆದಿದ್ದರು. ಅವರ ‘ದಿ ಸ್ನೋಸ್ ಆಫ್ ಕಿಲಿಮಂಜಾರೋ’ ಎಂಬ ಪ್ರಸಿದ್ಧ ಕಥೆ 1936ರಲ್ಲಿ ಬೆಳಕು ಕಂಡುದು ಅದೇ ಪತ್ರಿಕೆಯಲ್ಲಿ. ಕೋಟು ಮಾರಬೇಕಾದರೂ ಕೋಟಿನೊಳಗೆ ಒಬ್ಬ ಮನುಷ್ಯನಿದ್ದಾನೆ, ಅವನಿಗೆ ಸಾವು, ಪಶ್ಚಾತ್ತಾಪ, ಸಾಹಸಗಳ ವಿಚಾರದಲ್ಲಿ ಆಸಕ್ತಿಯಿದೆ ಎಂಬ ನಂಬಿಕೆ ಆ ಕಾಲದ ವ್ಯಾಪಾರಿಗೂ ಇತ್ತು. ‘ಕಾರ್ಗೋ’ ಮಾಡಿದುದು ಇಷ್ಟೇ: ಮನುಷ್ಯನನ್ನು ಹೊರಗಿಟ್ಟು ಕೋಟನ್ನು ಉಳಿಸಿಕೊಂಡಿತು.

ಹಾಗಾದರೆ ಅದನ್ನು ಅಂಗಡಿಯ ವಸ್ತುಪಟ್ಟಿಯೆಂದು ಕರೆದು ಸುಮ್ಮನಿರಬಹುದಲ್ಲವೇ? ಇರಲಾಗದು. ವಸ್ತುಪಟ್ಟಿಗೊಂದು ಪ್ರಾಮಾಣಿಕತೆಯಿದೆ. ಸಿಯರ್ಸ್ ಎಂಬ ಅಮೆರಿಕದ ಅಂಗಡಿಯ ದಪ್ಪನೆಯ ವಸ್ತುಪಟ್ಟಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1993ರವರೆಗೂ ಹಳ್ಳಿಹಳ್ಳಿಯ ರೈತರ ಮನೆಗಳಿಗೆ ಹೋಯಿತು. ತಾನು ಅಂಗಡಿ, ಮಾರಲು ಬಂದಿರುವೆ ಎಂಬುದನ್ನು ಅದು ಎಂದೂ ಮುಚ್ಚಿಡಲಿಲ್ಲ. ‘ಕಾರ್ಗೋ’ವಾದರೋ ಗೆಳೆಯನ ವೇಷದಲ್ಲಿ ಬಂದಿತು. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕೆಂಬ ಹಿತವಚನದ ದನಿಯಲ್ಲಿ ಮಾತನಾಡಿತು. ಮೇಲಾಗಿ ಆ ಹಿತವಚನಕ್ಕೆ ಓದುಗನಿಂದಲೇ ಬೆಲೆ ಪಡೆಯಿತು. ತನಗೆ ಮಾರಾಟ ಮಾಡುವವನಿಗೆ ತಾನೇ ಮುಂಗಡ ಹಣ ಕೊಟ್ಟು ಕರೆಸಿಕೊಳ್ಳುವ ಗಿರಾಕಿಯನ್ನು ಹಿಂದಿನ ಕಾಲದ ವರ್ತಕರು ಕನಸಿನಲ್ಲಿಯೂ ಕಂಡಿರಲಾರರು.

ಆ ಪತ್ರಿಕೆಯ ಸಂಪಾದಕರು ವರ್ತಕರಿಂದ ಗುಟ್ಟಾಗಿ ಹಣ ಪಡೆದರೆಂಬ ಆಪಾದನೆ ಇಲ್ಲಿಲ್ಲ. ಆಪಾದನೆ ಅದಕ್ಕಿಂತ ಆಳವಾದುದು. ಅಮೆರಿಕದ ಪತ್ರಿಕಾಲೋಕದಲ್ಲಿ ಸಂಪಾದಕೀಯ ವಿಭಾಗಕ್ಕೂ ಜಾಹೀರಾತು ವಿಭಾಗಕ್ಕೂ ನಡುವೆ ಒಂದು ಗೋಡೆಯಿರಬೇಕೆಂಬ ಸಂಪ್ರದಾಯವಿದೆ. ಚರ್ಚಿಗೂ ರಾಜ್ಯಾಡಳಿತಕ್ಕೂ ನಡುವಿನ ಗೋಡೆಯ ಹೋಲಿಕೆಯನ್ನೇ ಅಲ್ಲಿನವರು ಅದಕ್ಕೆ ಬಳಸುತ್ತಾರೆ. ಲೇಖನವೂ ವಸ್ತುವಿನ ಚಿತ್ರ, ಜಾಹೀರಾತೂ ವಸ್ತುವಿನ ಚಿತ್ರ ಎಂದಾದ ಮೇಲೆ ಆ ಗೋಡೆಗೆ ಕೆಲಸವೇ ಉಳಿಯುವುದಿಲ್ಲ. ಕಳ್ಳನು ಗೋಡೆ ಕೊರೆಯಬೇಕಾಗಿಲ್ಲ. ಗೋಡೆಯ ಎರಡು ಬದಿಯಲ್ಲಿಯೂ ಒಂದೇ ಅಂಗಡಿ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಒಳ್ಳೆಯ ಪದಾರ್ಥದಂತೆ ತೋರುವ ಹುಸಿ ಪದಾರ್ಥವನ್ನು ಮಾರುವುದೇ ಆ ದೋಷ. ತುಪ್ಪದಲ್ಲಿ ಎಣ್ಣೆ ಬೆರೆಸಿದವನನ್ನು ಸಮಾಜ ಹಳಿಯುತ್ತದೆ. ಹಿತವಚನದಲ್ಲಿ ಮಾರಾಟವನ್ನು ಬೆರೆಸಿದವನನ್ನು ಏಕೆ ಹಳಿಯಬಾರದು?

ಇನ್ನು ಇಂತಹ ಪತ್ರಿಕೆಯ ಲೆಕ್ಕಾಚಾರವನ್ನು ತಿಳಿಯಬೇಕು. ಅಮೆರಿಕದ ಜನಪ್ರಿಯ ಪತ್ರಿಕೆಗಳು ಚಂದಾದಾರರಿಗೆ ಅತ್ಯಂತ ಅಗ್ಗದ ದರದಲ್ಲಿ ಪ್ರತಿಗಳನ್ನು ಕಳುಹಿಸುವುದು ವಾಡಿಕೆ. ಅಚ್ಚು, ಕಾಗದ, ಅಂಚೆಯ ವೆಚ್ಚವೂ ಅನೇಕ ವೇಳೆ ಆ ಚಂದಾದಿಂದ ಹುಟ್ಟುವುದಿಲ್ಲ. ನಷ್ಟವನ್ನು ತುಂಬುವವರು ಜಾಹೀರಾತುದಾರರು. ಇಂತಿಷ್ಟು ಪ್ರತಿಗಳು ಖಂಡಿತವಾಗಿ ಹೋಗುತ್ತವೆಂದು ಪ್ರಕಾಶಕನು ಅವರಿಗೆ ಮೊದಲೇ ಭರವಸೆ ಕೊಡುತ್ತಾನೆ. ಸಾವಿರ ಓದುಗರಿಗೆ ಇಷ್ಟೆಂದು ದರ ಕಟ್ಟಲಾಗುತ್ತದೆ. ಈ ವ್ಯವಹಾರದಲ್ಲಿ ಮಾರುವವನು ಪ್ರಕಾಶಕ, ಕೊಳ್ಳುವವನು ಜಾಹೀರಾತುದಾರ. ಮಾರಾಟವಾಗುವ ಸರಕು ಯಾವುದು? ಓದುಗ. ವಯಸ್ಸು, ವರಮಾನ, ವಾಸಸ್ಥಳಗಳ ಪ್ರಕಾರ ವಿಂಗಡಿಸಿ, ಸಾವಿರದ ಲೆಕ್ಕದಲ್ಲಿ ಕಟ್ಟಿ ಹೇರಿದ ತರುಣ ಓದುಗನೇ ಅಲ್ಲಿನ ನಿಜವಾದ ‘ಕಾರ್ಗೋ’. ಪತ್ರಿಕೆಗೆ ಹೆಸರಿಟ್ಟವರು ತಿಳಿದಿಟ್ಟರೋ ತಿಳಿಯದೆ ಇಟ್ಟರೋ, ಹೆಸರಂತೂ ಸಾರ್ಥಕವಾಯಿತು.

ಇದಕ್ಕೆ ಬರುವ ಮೊದಲ ಪ್ರತಿವಾದವೆಂದರೆ, ಪುರುಷರು ಉಡುಗೆ ತೊಡುಗೆಯ ವಿಚಾರದಲ್ಲಿ ಅಜ್ಞರು, ಅವರಿಗೆ ನೆರವಾಗುವುದರಲ್ಲಿ ತಪ್ಪೇನು ಎಂಬುದು. ಶುಚಿಯಾಗಿ, ಸಭ್ಯವಾಗಿ ಉಡುವುದನ್ನು ಯಾವ ಧರ್ಮವೂ ಖಂಡಿಸುವುದಿಲ್ಲ. ಆದರೆ ಆ ಪತ್ರಿಕೆ ಹುಟ್ಟಿದ ಸಂದರ್ಭವನ್ನು ಮರೆಯಬಾರದು. 1994ರಲ್ಲಿ ಬ್ರಿಟನ್ನಿನ ಲೇಖಕ ಮಾರ್ಕ್ ಸಿಂಪ್ಸನ್ ‘ಮೆಟ್ರೋಸೆಕ್ಶುವಲ್’ ಎಂಬ ಹೊಸ ಪದವನ್ನು ಬಳಕೆಗೆ ತಂದರು. ನಗರದಲ್ಲಿ ನೆಲೆಸಿ, ಕೈತುಂಬ ಸಂಪಾದಿಸಿ, ತನ್ನ ರೂಪವನ್ನೇ ಮೋಹಿಸುತ್ತ ಅಂಗಡಿಗಳಿಗೆ ಹಣ ಸುರಿಯುವ ತರುಣನನ್ನು ಕುರಿತು ಆಡಿದ ವ್ಯಂಗ್ಯದ ಮಾತು ಅದು. 2003ರ ವೇಳೆಗೆ ಅಮೆರಿಕದ ಮಾರುಕಟ್ಟೆ ಆ ವ್ಯಂಗ್ಯವನ್ನೇ ಬಿರುದಾಗಿ ಮಾಡಿ ತರುಣರ ಕೊರಳಿಗೆ ಕಟ್ಟಿತು. ಅದೇ ವರ್ಷ ತರುಣರ ಉಡುಗೆ, ಕೇಶ, ಮನೆಗಳನ್ನು ತಿದ್ದಿ ತೋರಿಸುವ ದೂರದರ್ಶನ ಕಾರ್ಯಕ್ರಮವೂ ಅಲ್ಲಿ ಜನಪ್ರಿಯವಾಯಿತು. ಮರುವರ್ಷವೇ ‘ಕಾರ್ಗೋ’ ಬಂದಿತು. ಅಜ್ಞಾನಿಗೆ ನೆರವಾಗುವ ಗುರುವು ಶಿಷ್ಯನು ತನ್ನನ್ನು ಬಿಟ್ಟು ನಡೆಯುವ ದಿನಕ್ಕಾಗಿ ಕಾಯುತ್ತಾನೆ. ಈ ಗುರುವಾದರೋ ಪ್ರತಿ ಸಂಚಿಕೆಯಲ್ಲಿಯೂ ಹಿಂದಿನ ಸಂಚಿಕೆಯ ಅಂಗಿಯನ್ನು ಹಳೆಯದೆಂದು ಸಾರಿ ಶಿಷ್ಯನನ್ನು ಮತ್ತೆ ಅಜ್ಞಾನಿಯಾಗಿಸುತ್ತಾನೆ.

ಎರಡನೆಯ ಪ್ರತಿವಾದ ಹೆಚ್ಚು ಚತುರವಾದುದು. ಓದುವವರೆಲ್ಲರೂ ಕೊಳ್ಳುವುದಿಲ್ಲ, ಚಿತ್ರ ನೋಡಿ ಸಂತೋಷಪಟ್ಟು ಸುಮ್ಮನಾಗುವವರೇ ಬಹಳ, ಆದುದರಿಂದ ಹಾನಿಯಿಲ್ಲ ಎಂದು ಹೇಳಲಾಗುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹಕ್ಕೆ ಕೊಟ್ಟ ಲಕ್ಷಣವನ್ನು ನೆನೆದರೆ ಈ ವಾದ ನಿಲ್ಲುವುದಿಲ್ಲ. ಅವರು ಪೆಟ್ಟಿಗೆಯಲ್ಲಿರುವ ವಸ್ತುವನ್ನು ಎಣಿಸಲು ಹೋಗಲಿಲ್ಲ. ಮನಸ್ಸಿನಲ್ಲಿರುವ ಮೂರ್ಛೆಯನ್ನು ಪರಿಗ್ರಹವೆಂದರು. ಅರಮನೆಯಲ್ಲಿದ್ದೂ ನಿರ್ಲಿಪ್ತನಾಗಿರುವವನು ಇರಬಹುದು. ಗುಡಿಸಲಿನಲ್ಲಿ ಕುಳಿತು ಅರಮನೆಯನ್ನೇ ಹೊತ್ತುಕೊಂಡಿರುವವನೂ ಇರಬಹುದು. ಕೊಂಡವನಿಗೆ ವಸ್ತುವಾದರೂ ದಕ್ಕುತ್ತದೆ. ಕೊಳ್ಳಲಾರದೆ ಪುಟ ಮಗುಚುವ ಹುಡುಗನಿಗೆ ದಕ್ಕುವುದು ಕೊರಗು ಮಾತ್ರ. ಅಲ್ಪ ಸಂಬಳದ ತರುಣನು ತನ್ನ ಒಳ್ಳೆಯ ಅಂಗಿಯನ್ನು ನೋಡಿ ನಾಚಿಕೊಳ್ಳುವುದನ್ನು, ತನ್ನ ತಂದೆಯ ಗಡಿಯಾರವನ್ನು ಕಟ್ಟಿಕೊಳ್ಳಲು ಹಿಂಜರಿಯುವುದನ್ನು ಕಲಿಸಿದ ಪತ್ರಿಕೆ ಹಾನಿ ಮಾಡಲಿಲ್ಲವೆಂದು ಹೇಳುವುದು ಹೇಗೆ?

ಮೂರನೆಯ ಆಕ್ಷೇಪ ಸಮಾಜದ ಒಳಗಿನಿಂದಲೇ ಬರುತ್ತದೆ; ಅದಕ್ಕೆ ನೇರವಾದ ಉತ್ತರ ಸಲ್ಲಬೇಕು. ಬಯಕೆಯಿಲ್ಲದೆ ವ್ಯಾಪಾರವಿಲ್ಲ, ವ್ಯಾಪಾರವಿಲ್ಲದೆ ಸಂಪತ್ತಿಲ್ಲ, ಸಂಪತ್ತಿಲ್ಲದೆ ದಾನವಿಲ್ಲ, ದಾನವಿಲ್ಲದೆ ಬಸದಿಯ ಜೀರ್ಣೋದ್ಧಾರವಿಲ್ಲ ಎಂಬುದು ಆ ವಾದ. ವರ್ತಕರ ಸಮಾಜಕ್ಕೆ ವ್ಯಾಪಾರನಿಂದೆ ಸಲ್ಲದು, ನಿಜ. ಆದರೆ ಪರಿಗ್ರಹ ಪರಿಮಾಣವೆಂಬ ವ್ರತವು ಯಾರಿಗಾಗಿ ವಿಹಿತವಾಯಿತು ಎಂಬುದನ್ನು ವಿಚಾರಿಸಬೇಕು. ಸರ್ವವನ್ನೂ ತೊರೆದ ಮುನಿಗೆ ಪರಿಮಾಣದ ಅಗತ್ಯವಿಲ್ಲ. ಹೊಲ ಮನೆ, ಚಿನ್ನ ಬೆಳ್ಳಿ, ಧನ ಧಾನ್ಯ, ವಸ್ತ್ರ ಪಾತ್ರೆಗಳ ನಡುವೆ ಬಾಳುವ ಗೃಹಸ್ಥನಿಗೆ, ಅದರಲ್ಲಿಯೂ ದುಡಿದು ಗಳಿಸುವ ವರ್ತಕನಿಗೇ ಆ ವ್ರತ. ಇರುವ ಅಗತ್ಯವನ್ನು ಪೂರೈಸುವ ವ್ಯಾಪಾರ ಒಂದು. ಇಲ್ಲದ ಅಗತ್ಯವನ್ನು ಹುಟ್ಟಿಸಿ ಅದನ್ನು ಪೂರೈಸುವ ವ್ಯಾಪಾರ ಇನ್ನೊಂದು. ಹಸಿದವನಿಗೆ ಅಕ್ಕಿ ಮಾರುವವನೂ ಉಂಡವನಿಗೆ ಹಸಿವು ಮಾರುವವನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರಲ್ಲ. ಎರಡನೆಯವನು ತನ್ನ ಲಾಭದಲ್ಲಿ ಒಂದು ಪಾಲನ್ನು ಬಸದಿಗೆ ಕೊಟ್ಟ ಮಾತ್ರಕ್ಕೆ ಅವನ ವ್ಯಾಪಾರ ಶುದ್ಧವಾಗುವುದಿಲ್ಲ.

ಬೆಲೆಯ ಮಾತನ್ನೂ ಆಡಬೇಕು. ‘ಕಾರ್ಗೋ’ ಪ್ರತಿಯೊಂದು ವಸ್ತುವಿನ ಬೆಲೆಯನ್ನು ಮುದ್ರಿಸುತ್ತಿತ್ತು. ಆದರೆ ಡಾಲರಿನಲ್ಲಿ ಬರೆದ ಬೆಲೆ ವಸ್ತುವಿನ ಪೂರ್ಣ ಬೆಲೆಯಲ್ಲ. ಚರ್ಮದ ಪಾದರಕ್ಷೆಯ ಬೆಲೆಯಲ್ಲಿ ಪಶುವಿನ ಪ್ರಾಣದ ಲೆಕ್ಕವಿರುವುದಿಲ್ಲ. ಅಂಗಿಯ ಬೆಲೆಯಲ್ಲಿ ಅದನ್ನು ಹೊಲಿದ ಕೈಗಳ ಲೆಕ್ಕವಿರುವುದಿಲ್ಲ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಮೀರಿದ ಜನ ಮಡಿದರು. ಅವರಲ್ಲಿ ಬಹುಪಾಲು ಪಾಶ್ಚಾತ್ಯ ಅಂಗಡಿಗಳಿಗಾಗಿ ಸಿದ್ಧ ಉಡುಪುಗಳನ್ನು ಹೊಲಿಯುತ್ತಿದ್ದ ಕಾರ್ಮಿಕರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಾಣಿಸಿಕೊಂಡಿತ್ತು. ಆದರೂ ಅವರನ್ನು ಕೆಲಸಕ್ಕೆ ಕರೆಸಲಾಯಿತು. ಋತುವಿಗೊಂದು ಹೊಸ ಅಂಗಿ ಬೇಕೆಂಬ ಅವಸರಕ್ಕೂ ಆ ಕಟ್ಟಡದೊಳಗಿನ ಅವಸರಕ್ಕೂ ಸಂಬಂಧವಿಲ್ಲವೆಂದು ಅಹಿಂಸೆಯನ್ನು ಪರಮಧರ್ಮವೆನ್ನುವವರು ಹೇಳಲಾಗದು. ಯಂತ್ರಗಳ ಕಥೆಯೂ ಹಾಗೆಯೇ. ವಿಶ್ವಸಂಸ್ಥೆಯ ಅಂಗಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ನೇ ವರ್ಷವೊಂದರಲ್ಲಿಯೇ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಬಿದ್ದಿದೆ. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದುದಕ್ಕೆ ದಾಖಲೆಯಿರುವುದು ಕಾಲು ಭಾಗಕ್ಕಿಂತಲೂ ಕಡಿಮೆ. ಒಂದು ಕಾಲಕ್ಕೆ ಹೊಳೆಯುವ ಪುಟದ ಮೇಲೆ ಮೆರೆದ ಸರಕುಗಳ ಕೊನೆಯ ವಿಳಾಸ ಅದು.

‘ಕಾರ್ಗೋ’ ಪೂರ್ಣವಾಗಿ ಬದುಕಿದ್ದ ವರ್ಷ 2005 ಒಂದೇ. ಆ ವರ್ಷದ ಅಮೆರಿಕದ ಗೃಹಸ್ಥರ ಸ್ಥಿತಿ ಹೇಗಿತ್ತು? 2006ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿದ ಲೆಕ್ಕದಲ್ಲಿ ಜನರ ಉಳಿತಾಯದ ಪ್ರಮಾಣ ಶೂನ್ಯಕ್ಕಿಂತ ಕೆಳಗಿಳಿದಿತ್ತು. 1933ರ ಮಹಾಕುಸಿತದ ಕಾಲದ ನಂತರ ಅಷ್ಟು ಕೆಳಗೆ ಇಳಿದುದು ಅದೇ ಮೊದಲೆಂದು ಆಗ ಪತ್ರಿಕೆಗಳು ಬರೆದವು. ಅನಂತರದ ಪರಿಷ್ಕರಣೆಯಲ್ಲಿ ಆ ಅಂಕಿ ಮೇಲಕ್ಕೆ ಬಂದರೂ, ಉಳಿತಾಯ ಅತ್ಯಲ್ಪವಾಗಿತ್ತೆಂಬ ಮಾತು ಬದಲಾಗಲಿಲ್ಲ. ಅದೇ ವರ್ಷ 20 ಲಕ್ಷಕ್ಕೂ ಮೀರಿದ ದಿವಾಳಿ ಅರ್ಜಿಗಳು ಅಲ್ಲಿನ ನ್ಯಾಯಾಲಯಗಳಿಗೆ ಬಂದವು. ಅಕ್ಟೋಬರಿನಲ್ಲಿ ಕಠಿಣವಾದ ಹೊಸ ಕಾನೂನು ಜಾರಿಗೆ ಬರುವುದಿದ್ದುದರಿಂದ ಅನೇಕರು ಅವಸರಪಟ್ಟರೆಂಬುದೂ, ಕಾಯಿಲೆ, ನಿರುದ್ಯೋಗಗಳಿಂದ ಕೆಟ್ಟವರೂ ಅವರಲ್ಲಿದ್ದರೆಂಬುದೂ ನಿಜ. ಒಂದು ಪತ್ರಿಕೆಯಿಂದ ಯಾರೂ ದಿವಾಳಿಯಾಗಲಿಲ್ಲ. ಆದರೆ ಉಳಿತಾಯವೇ ಬರಿದಾಗುತ್ತಿದ್ದ ಮನೆಯ ತರುಣನಿಗೆ ಆ ಪತ್ರಿಕೆ ಕೊಟ್ಟ ಹಿತವಚನ ಮಾತ್ರ ‘ಇನ್ನೂ ಕೊಳ್ಳು’ ಎಂಬುದೇ ಆಗಿತ್ತು.

ಪತ್ರಿಕೆ ನಿಂತುಹೋದುದು ತರುಣರ ವಿವೇಕದ ಜಯವೆಂದು ಹಿಗ್ಗುವವರೂ ಇದ್ದಾರೆ. ಆ ಹಿಗ್ಗು ಅಕಾಲಿಕವಾದುದು. ವ್ಯವಹಾರ ನಿರೀಕ್ಷಿಸಿದಂತೆ ಕುದುರದೆ ಪ್ರಕಾಶಕರು ಬಾಗಿಲು ಹಾಕಿದರು, ಅಷ್ಟೇ. ‘ಡಾಮಿನೋ’ವನ್ನು 2009ರಲ್ಲಿ ಅದೇ ಸಂಸ್ಥೆ ನಿಲ್ಲಿಸಿತು, ‘ಲಕ್ಕಿ’ಯ ಕಥೆ 2015ರಲ್ಲಿ ಮುಗಿಯಿತು. ಯಾರೂ ಪಶ್ಚಾತ್ತಾಪದಿಂದ ಅವುಗಳನ್ನು ಮುಚ್ಚಲಿಲ್ಲ. ಕಾಗದಕ್ಕಿಂತ ಉತ್ತಮವಾದ ವಾಹನ ಬಂದುದರಿಂದ ಹಳೆಯ ವಾಹನ ಬೇಡವಾಯಿತು. 2010ರಲ್ಲಿ ಇನ್‌ಸ್ಟಾಗ್ರಾಂ ಹುಟ್ಟಿತು. 2016ರಿಂದ ಅದರ ಚಿತ್ರಗಳಿಗೇ ಬೆಲೆಯ ಚೀಟಿ ಅಂಟಿಸುವ ಪ್ರಯೋಗ ಆರಂಭವಾಯಿತು. ‘ಕಾರ್ಗೋ’ ಓದುಗನು ಬೆಲೆ ನೋಡಿ ಅಂಗಡಿಗೆ ಹೋಗಬೇಕಾಗಿತ್ತು. ದಾರಿಯಲ್ಲಿ ಮನಸ್ಸು ಬದಲಾಗಲು ಅವಕಾಶವಿತ್ತು. ಇಂದು ಬಯಕೆಗೂ ಖರೀದಿಗೂ ನಡುವೆ ಬೆರಳಿನ ಒಂದು ಸ್ಪರ್ಶದ ಅಂತರ. ಅಂದಿನ ಪತ್ರಿಕೆಗೆ ತನ್ನ ಓದುಗರ ಸರಾಸರಿ ವಯಸ್ಸಷ್ಟೇ ತಿಳಿದಿತ್ತು. ಇಂದಿನ ಯಂತ್ರಕ್ಕೆ ಒಬ್ಬೊಬ್ಬ ತರುಣನೂ ಯಾವ ಚಿತ್ರದ ಮುಂದೆ ಎಷ್ಟು ಕ್ಷಣ ನಿಂತನೆಂಬುದೂ ತಿಳಿದಿದೆ.

ಗೆಳೆಯನ ವೇಷದಲ್ಲಿ ಮಾರುವವರ ಸಂಖ್ಯೆಯೂ ಈಗ ಹೆಚ್ಚಿದೆ. ಹಣ ಪಡೆದು ಹೊಗಳುವವರು ಅದನ್ನು ಬಹಿರಂಗಪಡಿಸಬೇಕೆಂದು ಅಮೆರಿಕದ ವಾಣಿಜ್ಯ ಆಯೋಗವು 2009ರಲ್ಲಿ ನಿಯಮಗಳನ್ನು ವಿಸ್ತರಿಸಿತು. ಭಾರತದಲ್ಲಿ ಜಾಹೀರಾತು ಮಾನದಂಡ ಮಂಡಳಿಯು 2021ರಲ್ಲಿಯೂ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರಲ್ಲಿಯೂ ಇಂತಹ ಸೂಚನೆಗಳನ್ನು ಹೊರಡಿಸಿದವು. ಪ್ರತಿರೂಪಕ ವ್ಯವಹಾರವು ದೋಷವೆಂಬುದನ್ನು ಸರ್ಕಾರಗಳೂ ತಡವಾಗಿಯಾದರೂ ಕಂಡುಕೊಂಡವೆಂದು ಸಂತೋಷಪಡಬಹುದು. ಆದರೆ ಕಾನೂನು ವಂಚನೆಯನ್ನು ತಡೆಯಬಲ್ಲದು, ಮೂರ್ಛೆಯನ್ನು ತಡೆಯಲಾರದು. ‘ಇದು ಜಾಹೀರಾತು’ ಎಂದು ಸ್ಪಷ್ಟವಾಗಿ ಬರೆದಿದ್ದರೂ ಬಯಕೆ ಹುಟ್ಟುವುದು ಹುಟ್ಟಿಯೇ ಹುಟ್ಟುತ್ತದೆ.

ಹಾಗಾದರೆ ಕರ್ತವ್ಯವೇನು? ದೂರವಾಣಿಯನ್ನು ಕಸಿದುಕೊಳ್ಳುವುದರಿಂದಲೂ, ಪತ್ರಿಕೆಗಳನ್ನು ಸುಡುವುದರಿಂದಲೂ ಪ್ರಯೋಜನವಿಲ್ಲ. ನಿಷೇಧದಿಂದ ಬಯಕೆ ಗುಟ್ಟಾಗುತ್ತದೆ, ಸಣ್ಣದಾಗುವುದಿಲ್ಲ. ಮೊದಲನೆಯದಾಗಿ, ಮಗನ ಓದನ್ನು ಪರೀಕ್ಷಿಸುವ ತಂದೆ ತನ್ನ ಪರೀಕ್ಷೆಯನ್ನೇ ತಿದ್ದಿಕೊಳ್ಳಬೇಕು. ಚಿತ್ರ ಸಭ್ಯವೇ ಎಂದು ಕೇಳಿದ ಮೇಲೆ, ಇದನ್ನು ಓದಿ ಮುಚ್ಚಿದಾಗ ಮನಸ್ಸಿನಲ್ಲಿ ತೃಪ್ತಿ ಹೆಚ್ಚಿತೋ ಕೊರತೆ ಹೆಚ್ಚಿತೋ ಎಂದೂ ಕೇಳಬೇಕು. ಎರಡನೆಯದಾಗಿ, ಆ ಪ್ರಶ್ನೆಯನ್ನು ತನಗೂ ಹಾಕಿಕೊಳ್ಳಬೇಕು. ಮದುವೆಯ ಆಡಂಬರದಲ್ಲಿ, ಹೊಸ ವಾಹನದ ಪ್ರದರ್ಶನದಲ್ಲಿ ಮುಳುಗಿರುವ ಮನೆ ಮಗನಿಗೆ ಅಪರಿಗ್ರಹವನ್ನು ಬೋಧಿಸಿದರೆ ಆ ಮಾತಿಗೆ ಕಿವಿಗೊಡುವವರಾರು? ಮೂರನೆಯದಾಗಿ, ನಿಯಮರೂಪದ ವ್ರತವನ್ನು ಮನೆಮಂದಿಯೆಲ್ಲ ಒಟ್ಟಿಗೆ ಕೈಗೊಳ್ಳಬೇಕು. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಆಹಾರಕ್ಕೆ ಮಿತಿ ಹಾಕಿಕೊಳ್ಳುವ ಕುಟುಂಬಗಳು ಖರೀದಿಗೂ ಮಿತಿ ಹಾಕಿಕೊಳ್ಳಬಹುದು. ಒಂದು ಋತುವಿನಲ್ಲಿ ಹೊಸ ಉಡುಪು ಬೇಡ, ಕೆಟ್ಟು ನಿಲ್ಲದ ಹೊರತು ಯಂತ್ರವನ್ನು ಬದಲಿಸುವುದಿಲ್ಲವೆಂದು ನಿಶ್ಚಯಿಸಬಹುದು. ಮುನಿಗಳಾಗುವಂತೆ ತರುಣರನ್ನು ಯಾರೂ ಕೇಳುತ್ತಿಲ್ಲ. ಅಳತೆಯೊಂದನ್ನು ಇಟ್ಟುಕೊಳ್ಳುವಂತೆ ಕೇಳಲಾಗುತ್ತಿದೆ.

ಬಸದಿಗಳ ಟ್ರಸ್ಟುಗಳಿಗೂ ಇದರಲ್ಲಿ ಪಾಲಿದೆ. ‘ಎಸ್ಕ್ವೈರ್’ ಕೂಡ ತರುಣನಿಗೆ ಕೋಟಿನ ಜೊತೆಗೆ ಒಂದು ಒಳ್ಳೆಯ ಕಥೆಯನ್ನು ಕೊಟ್ಟಿತ್ತೆಂಬುದನ್ನು ಮರೆಯಬಾರದು. ಓದಲು ಯೋಗ್ಯವಾದುದನ್ನು ಕೊಡದೆ, ಅಯೋಗ್ಯವಾದುದನ್ನು ಓದಿದರೆಂದು ದೂಷಿಸುವುದು ನ್ಯಾಯವಲ್ಲ. ಅಮೃತಶಿಲೆಗೂ ಕಳಶಕ್ಕೂ ವೆಚ್ಚವಾಗುವ ಹಣದಲ್ಲಿ ಅಲ್ಪಾಂಶವಾದರೂ ತರುಣರು ಬಂದು ಕುಳಿತು ಓದಬಲ್ಲ ಕೋಣೆಗೆ, ಅವರ ಪ್ರಶ್ನೆಗಳಿಗೆ ಸಿಡುಕದೆ ಉತ್ತರಿಸಬಲ್ಲ ವಿದ್ವಾಂಸರಿಗೆ ಮೀಸಲಾಗಬೇಕು. ತರುಣನಿಗೆ ಗೆಳೆಯ ಬೇಕು. ಸಮಾಜ ಆ ಸ್ಥಾನವನ್ನು ಬರಿದಾಗಿ ಬಿಟ್ಟಿತು. ವರ್ತಕನು ಬಂದು ಅದರಲ್ಲಿ ಕುಳಿತ.

ಎರಡು ವರ್ಷ ಬಾಳಿದ ಆ ಪತ್ರಿಕೆ ತನ್ನ ಹೆಸರಿನಲ್ಲಿಯೇ ಒಂದು ಸತ್ಯವನ್ನು ಹೊತ್ತಿತ್ತು. ಸರಕನ್ನು ಯಾವ ಬಂದರಿನಲ್ಲಿ ಹೇರಬೇಕು, ಎಲ್ಲಿ ಇಳಿಸಬೇಕೆಂಬುದನ್ನು ನಿರ್ಧರಿಸುವವನು ಅದರ ಒಡೆಯ; ಸರಕಿಗೆ ಆ ಸ್ವಾತಂತ್ರ್ಯವಿಲ್ಲ. ಪರಿಮಾಣವನ್ನು ತಾನೇ ನಿಶ್ಚಯಿಸಿಕೊಂಡ ತರುಣನು ಒಡೆಯನಾಗಿ ಉಳಿಯುತ್ತಾನೆ. ಅದನ್ನು ಪರರಿಗೆ ಬಿಟ್ಟುಕೊಟ್ಟವನು ಎಷ್ಟೇ ಬೆಲೆಬಾಳುವ ಉಡುಪು ತೊಟ್ಟಿದ್ದರೂ, ಯಾರದೋ ಹಡಗಿನಲ್ಲಿ ಯಾರದೋ ಲಾಭಕ್ಕಾಗಿ ಸಾಗುತ್ತಿರುವ ಹೊರೆಯಷ್ಟೇ ಆಗಿರುತ್ತಾನೆ. ತಮ್ಮ ಮಕ್ಕಳು ಈ ಎರಡರಲ್ಲಿ ಯಾವುದಾಗಬೇಕೆಂಬುದನ್ನು ಪ್ರತಿಯೊಂದು ಕುಟುಂಬವೂ ಅಂಗಡಿಯ ಬಾಗಿಲಿನಲ್ಲಲ್ಲ, ತನ್ನ ಮನೆಯ ಹೊಸ್ತಿಲಿನ ಒಳಗೇ ತೀರ್ಮಾನಿಸಿಕೊಳ್ಳಬೇಕಾಗಿದೆ.